ಅಮೆರಿಕದ ಲೂರ್, ನಮ್ಮ ಮಡೆಂಜಿ

ಲಾರ್ಜ್‌ಮೌತ್ ಬಾಸ್ ನಮ್ಮ ಹೊಳೆಗಳಲ್ಲಿಲ್ಲ. ಅದು ಅಮೆರಿಕದ ಸಿಹಿನೀರಿನ ಮೀನು. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬಾತ ಸುಮಾರು 10 ಕಿಲೋ ತೂಗುವ ಬಾಸ್ ಹಿಡಿದ. ಅದನ್ನು ಸರಿಗಟ್ಟುವ ಇನ್ನೊಂದು ಮೀನು ಸಿಕ್ಕಿದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ. ನಡುವೆ 77 ವರ್ಷ. ಈ ಒಂದು ಮೀನಿಗಾಗಿ ಅಲ್ಲಿಯವರು ಮಾಡಿದಷ್ಟು ಲೂರ್ (ಮೀನನ್ನು ಮೋಸಗೊಳಿಸುವ ನಕಲಿ ಎರೆ), ರಾಡ್, ದೋಣಿಗಳನ್ನು ಬೇರೆ ಯಾವ ಮೀನಿಗೂ ಮಾಡಿರಲಿಕ್ಕಿಲ್ಲ.

ಆ ಲೂರ್, ರಾಡ್‌ಗಳನ್ನು ಉಡುಪಿಯಲ್ಲಿ ಕೂತು ನಾನು ಯಾಕೆ ತರಿಸುತ್ತೇನೆ ಎಂದು ಕೇಳುವವರು ಜಾಸ್ತಿ. ಕಾರಣ ಸರಳ. ಬಾಸ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದು ಕಡಿಮೆ. ಕಳೆಯ ಅಡಿಯಲ್ಲೋ, ಬಿದ್ದ ಮರದ ಪಕ್ಕದಲ್ಲೋ ಹೊಂಚು ಹಾಕಿ ಕೂತು, ಹತ್ತಿರ ಬಂದದ್ದನ್ನು ಒಂದೇ ಬಾಯಿಗೆ ನುಂಗುತ್ತದೆ. ನಮ್ಮ ಕೆರೆ, ಗದ್ದೆಗಳ ಮಡೆಂಜಿಯದ್ದೂ (ಹಾವಿನಂತಹ ತಲೆಯ ಮರಲ್ ಮೀನು) ಅದೇ ಸ್ವಭಾವ. ಅಳಿವೆಯ ಸೀಬಾಸ್‌ನದ್ದೂ ಹೆಚ್ಚುಕಡಿಮೆ ಅದೇ. ಹಾಗಾಗಿ ಅಲ್ಲಿಯ ಸಾಮಾನು ಇಲ್ಲಿ ನಡೆಯುತ್ತದೆ. ಆದರೆ ಎಲ್ಲಿ, ಯಾವಾಗ ಎಸೆಯಬೇಕು ಎನ್ನುವುದನ್ನು ಮಾತ್ರ ಅಮೆರಿಕದವರು ಹೇಳಿಕೊಡಲಾರರು. ಅದನ್ನು ನಮ್ಮ ತೋಡು (ಸಣ್ಣ ಹಳ್ಳ), ಮದಗ (ಕೆರೆ), ಉಬ್ಬರ ಇಳಿತಗಳಿಂದಲೇ ಕಲಿಯಬೇಕು.

ಮೊದಲು ಮಡೆಂಜಿ.

ಮಳೆ ನಿಂತು ಬೈಲಿನ ನೀರು ತಿಳಿಯಾಗುವ ಹೊತ್ತಿಗೆ, ಅಂದರೆ ಅಕ್ಟೋಬರ್ ನಂತರ, ನಾನು ಕಪ್ಪೆ ಲೂರ್ ಕಟ್ಟುತ್ತೇನೆ. ಟೊಳ್ಳಾದ ಮೆತ್ತನೆಯ ರಬ್ಬರ್ ಕಪ್ಪೆ ಇದು. ಎರಡು ದಪ್ಪ ಕೊಕ್ಕೆಗಳು ಅದರ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿ ಕೂತಿರುತ್ತವೆ. ಅಂತರಗಂಗೆಯ ಮೇಲೆ, ತಾವರೆ ಎಲೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಕುಗ್ಗಿ ಕೊಕ್ಕೆ ಹೊರಗೆ ಬರುತ್ತದೆ. ಬಾಸ್ ಹಿಡಿಯುವವರಿಗಾಗಿ ಬಂದ ಈ ಲೂರ್ ಮಡೆಂಜಿಗೇ ಹೆಚ್ಚು ಒಪ್ಪುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಮಡೆಂಜಿ ಇರುವ ಜಾಗ ಹುಡುಕಲು ಯಂತ್ರ ಬೇಡ. ಅದಕ್ಕೆ ಕಿವಿರಿನ ಉಸಿರು ಸಾಲದು. ತಲೆಯೊಳಗೆ ಗಾಳಿ ಹಿಡಿದಿಡುವ ಅಂಗವಿದೆ. ಹಾಗಾಗಿ ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಮಾರುಕಟ್ಟೆಯ ಬುಟ್ಟಿಯಲ್ಲಿ ಅದು ಗಂಟೆಗಟ್ಟಲೆ ಜೀವ ಹಿಡಿದುಕೊಂಡಿರುವುದೂ ಇದರಿಂದಲೇ. ಬೆಳಿಗ್ಗೆ ಬಿಸಿಲೇರುವ ಮೊದಲು ಮದಗದ ದಂಡೆಯಲ್ಲಿ ಮಾತಾಡದೆ ನಿಂತರೆ ಸಾಕು. ಎಲ್ಲೋ ಒಂದು ಕಡೆ ಗುಳುಂ ಎನ್ನುತ್ತದೆ, ನೀರಿನಲ್ಲಿ ಬಳೆ ಏಳುತ್ತದೆ.

ಆ ಬಳೆಯ ಮೇಲೆಯೇ ಕಪ್ಪೆ ಎಸೆಯುವುದಿಲ್ಲ. ತಲೆಯ ಮೇಲೆ ಬಿದ್ದರೆ ಮೀನು ಹೆದರಿ ಓಡುತ್ತದೆ. ನಾಲ್ಕೈದು ಅಡಿ ಆಚೆ ಎಸೆದು, ಎಲೆಗಳ ಮೇಲೆ ಸಣ್ಣ ಸಣ್ಣ ಎಳೆತದಲ್ಲಿ ತರುತ್ತೇನೆ. ಎಲೆ ಮುಗಿದು ಖಾಲಿ ನೀರು ಸಿಕ್ಕಿದ ಕೂಡಲೇ ನಿಲ್ಲಿಸುತ್ತೇನೆ. ಹೆಚ್ಚಿನ ಏಟು ಬೀಳುವುದು ಆ ನಿಲುಗಡೆಯಲ್ಲೇ. ನೀರು ಸಿಡಿದ ತಕ್ಷಣ ರಾಡ್ ಎತ್ತಿದಿರೋ, ಬರಿ ಕಪ್ಪೆ ನಿಮ್ಮ ಮುಖಕ್ಕೆ ಹಾರಿ ಬರುತ್ತದೆ. ರಾಡ್ ತುದಿ ಕೆಳಗಿಟ್ಟು, ದಾರದಲ್ಲಿ ಭಾರ ಕಾಣುವವರೆಗೆ ಕಾಯಬೇಕು. ಆಮೇಲೆ ಜೋರಾಗಿ ಒಂದೇ ಎಳೆತ. ಮೀನು ತಿರುಗಿ ಕಳೆಯೊಳಗೆ ಹೊಕ್ಕರೆ ಮತ್ತೆ ಬಿಡಿಸುವುದು ಕಷ್ಟ. ಅದಕ್ಕೇ ಇಲ್ಲಿ 50 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ) ದಾರ, ಗಟ್ಟಿ ರಾಡ್. ತಂಗೀಸು (ನೈಲಾನ್) ದಾರ ಈ ಕೆಲಸಕ್ಕೆ ಆಗುವುದಿಲ್ಲ, ಎಳೆದಾಗ ಹಿಗ್ಗುತ್ತದೆ.

ಅಂಗಡಿಯಿಂದ ಬಂದ ಕಪ್ಪೆಯನ್ನು ಹಾಗೇ ಬಳಸುವುದಿಲ್ಲ. ಇಕ್ಕಳದಲ್ಲಿ ಎರಡೂ ಕೊಕ್ಕೆಗಳನ್ನು ಕೂದಲೆಳೆಯಷ್ಟು ಹೊರಕ್ಕೆ ಬಗ್ಗಿಸುತ್ತೇನೆ. ಕಾಲಿನ ರಬ್ಬರ್ ಎಳೆಗಳನ್ನು ಮೋಟು ಮಾಡುತ್ತೇನೆ, ಆಗ ಕಪ್ಪೆ ಎಡಕ್ಕೂ ಬಲಕ್ಕೂ ಚೆನ್ನಾಗಿ ತಿರುಗುತ್ತದೆ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆನ್ನಿನ ಚಿತ್ತಾರ ಕೊಳ್ಳುವವರಿಗೆ ಮಾತ್ರ, ಮೀನಿಗೆ ಕಾಣುವುದು ಹೊಟ್ಟೆ. ಮೋಡವಿದ್ದರೆ ಕಪ್ಪು, ಬಿಸಿಲಿದ್ದರೆ ಬಿಳಿ. ಅಷ್ಟೇ.

ಮದಗ, ತೋಟದ ಕೆರೆ ಎಲ್ಲ ಯಾರದ್ದೋ ಮನೆಯವರದ್ದು. ಕೇಳದೆ ಇಳಿಯಬಾರದು. ಕಾರ್ಕಳ ಕಡೆಯ ಒಂದು ತೋಟದಲ್ಲಿ ಯಜಮಾನರು ನನ್ನ ಪೆಟ್ಟಿಗೆ ನೋಡಿ, "ಎರೆಹುಳ ಹಾಕದೆ ಮೀನು ಸಿಗ್ತದಾ ಮಾರಾಯ್ರೆ? ಇದು ಮಕ್ಕಳ ಆಟದ ಸಾಮಾನಲ್ವಾ?" ಎಂದಿದ್ದರು. ಮಡೆಂಜಿ ಬಂದ ಮೇಲೆ ಅವರೇ ರಾಡ್ ಕೇಳಿ ತೆಗೆದುಕೊಂಡರು. ಸಂಜೆಯವರೆಗೆ ನನಗೆ ವಾಪಸು ಸಿಗಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀರಿನ ಮೇಲ್ಭಾಗದಲ್ಲಿ ಕೆಂಪು ಮರಿಗಳ ಗುಂಪು ಒಟ್ಟಾಗಿ ಮೇಲೆ ಕೆಳಗೆ ಆಡುವುದು ಕಂಡರೆ ಅಡಿಯಲ್ಲಿ ತಾಯಿ ತಂದೆ ಕಾವಲಿಗಿರುತ್ತವೆ ಎಂದರ್ಥ. ಆಗ ಹಸಿವಿಲ್ಲದಿದ್ದರೂ ಸಿಟ್ಟಿಗೆ ಲೂರ್ ಕಚ್ಚುತ್ತವೆ. ಹಿಡಿಯುವುದು ತುಂಬ ಸುಲಭ. ದೊಡ್ಡದನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನುಗಳು ಗಳಿಗೆಯಲ್ಲಿ ಮುಗಿಸುತ್ತವೆ. ಅಂತಹ ಕಡೆ ಎಸೆಯುವವರ ಜೊತೆ ನಾನು ಎರಡನೇ ಸಲ ಹೋಗುವುದಿಲ್ಲ.

ಇನ್ನು ಹೊಳೆ. ಇಲ್ಲಿ ಲೆಕ್ಕವೇ ಬೇರೆ.

ಸ್ವರ್ಣಾ, ಸೀತಾ ಹೊಳೆಗಳು ಕೋಡಿಬೆಂಗ್ರೆಯಲ್ಲಿ ಒಟ್ಟಾಗಿ ಸಮುದ್ರ ಸೇರುತ್ತವೆ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗೆ ಒಂದೇ ಅಳಿವೆ ಬಾಗಿಲು. ಮಳೆಗಾಲ ಕಳೆದು ಹೊಳೆಯ ಹರಿವು ಇಳಿದ ಹಾಗೆ ಉಪ್ಪುನೀರು ಮೇಲೆ ಮೇಲೆ ಏರುತ್ತದೆ. ಅದನ್ನು ತಡೆಯಲಿಕ್ಕೇ ಅಲ್ಲಲ್ಲಿ ಕಿಂಡಿ ಅಣೆಕಟ್ಟು ಇರುವುದು. ಹಲಗೆ ಹಾಕಿದ ಮೇಲೆ ಮೇಲಿನ ಕಡೆ ಸಿಹಿನೀರು, ಕೆಳಗಿನ ಕಡೆ ಚಪ್ಪೆ ಉಪ್ಪು, ಅಂದರೆ ಅರೆ ಉಪ್ಪಿನ ನೀರು. ಸೀಬಾಸ್ ಎರಡರಲ್ಲೂ ಬದುಕುವ ಮೀನು. ಕುಂದಾಪುರ ಕಡೆ ಹಿನ್ನೀರಿನ ಪಂಜರಗಳಲ್ಲಿ ಸಾಕುವುದು ಇದನ್ನೇ. ಆಸ್ಟ್ರೇಲಿಯಾದಲ್ಲಿ ಬಾರಾಮುಂಡಿ ಎನ್ನುವುದೂ ಇದೇ. ಅಮೆರಿಕದ ಬಾಸ್‌ಗೂ ಇದಕ್ಕೂ ನೆಂಟಸ್ತಿಕೆ ಏನೂ ಇಲ್ಲ.

ಉಬ್ಬರದಲ್ಲಿ ಸಣ್ಣ ಮೀನು, ಎಟ್ಟಿ (ಸಿಗಡಿ) ಎಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನೊಳಗೆ, ತೋಡುಗಳೊಳಗೆ ನುಗ್ಗುತ್ತವೆ. ಇಳಿತ ಶುರುವಾದಾಗ ಅವು ಹೊರಗೆ ಬರಲೇಬೇಕು. ಸೀಬಾಸ್ ತೋಡಿನ ಬಾಯಲ್ಲಿ, ಹರಿವಿನಿಂದ ತುಸು ಬದಿಗೆ, ಬಾಯಿ ತೆರೆದು ಕಾಯುತ್ತದೆ. ಹಾಗಾಗಿ ನಾನು ಹೊರಡುವ ಹೊತ್ತನ್ನು ಗಡಿಯಾರ ನೋಡಿ ಇಡುವುದಿಲ್ಲ, ಇಳಿತ ನೋಡಿ ಇಡುತ್ತೇನೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರಿನ ಓಟ ಜೋರು. ಆ ದಿನಗಳ ಮೊದಲ ಎರಡು ಗಂಟೆ ಇಳಿತ ಬೆಳಗಿನ ಹೊತ್ತಿಗೆ ಸಿಕ್ಕಿದರೆ ಆಫೀಸಿಗೆ ರಜೆ ಹಾಕುವುದೇ.

ಎಸೆಯುವ ದಿಕ್ಕೂ ಮುಖ್ಯ. ಹರಿವಿನ ಮೇಲ್ಗಡೆಗೆ ಎಸೆದು, ನೀರಿನ ಜೊತೆಗೇ ಲೂರ್ ಇಳಿದು ಬರುವ ಹಾಗೆ ತರಬೇಕು. ಸೋತ ಸಣ್ಣ ಮೀನು ಹರಿವಿಗೆ ಎದುರಾಗಿ ಈಜುವುದಿಲ್ಲ ಅಲ್ವಾ.

ಈ 'ಸೋತ ಮೀನು' ಎನ್ನುವುದರಲ್ಲೇ ಲೂರ್‌ನ ಗುಟ್ಟಿದೆ. ಫಿನ್ಲೆಂಡಿನ ಲೌರಿ ರಾಪಾಲಾ ಮೀನು ಹಿಡಿದೇ ಹೊಟ್ಟೆ ಹೊರೆಯುತ್ತಿದ್ದವರು. ದೊಡ್ಡ ಮೀನುಗಳು ಗುಂಪಿನಲ್ಲಿ ಸರಿಯಾಗಿ ಈಜಲಾಗದ ಮರಿಯನ್ನೇ ಆರಿಸಿ ಹಿಡಿಯುವುದನ್ನು ಗಮನಿಸಿದರು. 1936ರಲ್ಲಿ ಬೆಂಡು ಕೆತ್ತಿ, ಚಾಕೊಲೇಟ್ ಸುತ್ತಿದ ಹಾಳೆ ಅಂಟಿಸಿ, ಫೋಟೋ ಫಿಲ್ಮ್ ಕರಗಿಸಿ ಮೇಲೆ ಹಚ್ಚಿ, ಅಲುಗಾಡುತ್ತ ಈಜುವ ಮರಿಯೊಂದನ್ನು ಮಾಡಿದರು. ಇಂದು ನಾವು ಮಿನ್ನೋ ಎಂದು ಕೊಳ್ಳುವುದೆಲ್ಲ ಅದರದ್ದೇ ಮರಿಮಕ್ಕಳು. ಮೂತಿಯ ಕೆಳಗಿನ ಪ್ಲಾಸ್ಟಿಕ್ ನಾಲಿಗೆ ನೇರ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಹೋಗುತ್ತದೆ, ಕೆಳಕ್ಕೆ ಬಾಗಿದ್ದರೆ ಮೇಲೆಯೇ ಆಡುತ್ತದೆ. ನಮ್ಮ ತೋಡಿನ ಬಾಯಿಗೆ ಮೇಲೆ ಆಡುವುದೇ ಸಾಕು. ಸೇತುವೆಯ ಕಂಬದ ಬುಡಕ್ಕೆ ಆಳದ್ದು ಬೇಕು. ರೀಲ್ ಎರಡು ಸುತ್ತು, ಒಂದು ಸಣ್ಣ ಕುಲುಕು, ಒಂದು ನಿಲುಗಡೆ. ಸುಮ್ನೆ ಒಂದೇ ಸಮನೆ ಸುತ್ತುತ್ತಾ ಇರುವವರ ಲೂರ್‌ಗೆ ಇಲ್ಲಿ ಏಟು ಬೀಳುವುದು ಕಡಿಮೆ.

ಬೇರು, ಬಲೆಯ ತುಂಡು ತುಂಬಿದ ಕಡೆ ಮೂರು ಮುಳ್ಳಿನ ಕೊಕ್ಕೆ ಉಳಿಯುವುದಿಲ್ಲ. ಅಲ್ಲಿ ಟೆಕ್ಸಸ್ ರಿಗ್. ರಬ್ಬರ್ ಹುಳುವಿನ ಮೈಯೊಳಗೇ ಕೊಕ್ಕೆಯ ಮೊನೆಯನ್ನು ಅಡಗಿಸಿಟ್ಟು, ಮುಂದೆ ಗುಂಡಿನಾಕಾರದ ಸೀಸ ಪೋಣಿಸುವ ವಿಧಾನ. ಅಮೆರಿಕದ ನಿಕ್ ಕ್ರೀಮ್ 1949ರಲ್ಲಿ ಪ್ಲಾಸ್ಟಿಕ್ ಎರೆಹುಳ ಮಾಡಿದ ನಂತರ ಬೆಳೆದ ವಿದ್ಯೆ ಇದು. ನಾನು ಹುಳುವಿನ ಬದಲು ಎಟ್ಟಿಯ ಆಕಾರದ್ದನ್ನು ಹಾಕುತ್ತೇನೆ. ಬೇರಿನ ಮೇಲಿನಿಂದ ಒಂದೊಂದಾಗಿ ಇಳಿಸಿ ತಂದರೆ ಕೆಂಬೇರಿ ಮೀನೂ ಹಿಡಿಯುತ್ತದೆ. ಕೆಂಬೇರಿ ಕಚ್ಚಿದರೆ ದಾರ ಬಿಟ್ಟುಕೊಡಬಾರದು. ಬೇರಿನೊಳಗೆ ಹೊಕ್ಕರೆ ಮೀನೂ ಇಲ್ಲ, ಲೂರೂ ಇಲ್ಲ.

ಸೀಬಾಸ್‌ಗೆ ಕೋರೆಹಲ್ಲಿಲ್ಲ. ಆದರೆ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ. ನೀರಿನಿಂದ ಹಾರಿ ತಲೆ ಕೊಡವಿದಾಗ ತೆಳು ದಾರ ಕತ್ತರಿಸಿಹೋಗುತ್ತದೆ. ಬ್ರೇಡ್‌ನ ತುದಿಗೆ ಒಂದು ಮಾರಿನಷ್ಟು 40 ಪೌಂಡಿನ ಲೀಡರ್ ಕಟ್ಟುವುದು ಅದಕ್ಕೇ. ಎತ್ತುವಾಗಲೂ ಕಿವಿರಿಗೆ ಬೆರಳು ಹಾಕಬೇಡಿ, ಕೆಳತುಟಿಯನ್ನು ಗ್ರಿಪ್ಪರ್‌ನಲ್ಲಿ ಹಿಡಿಯಿರಿ.

ದೋಣಿಯ ವಿಷಯ. ಅಮೆರಿಕದ ಬಾಸ್ ಬೋಟ್ ನೋಡಿದರೆ ಆಸೆಯಾಗುತ್ತದೆ. ಚಪ್ಪಟೆ ಡೆಕ್, ಹಿಂದೆ 200 ಹಾರ್ಸ್‌ಪವರಿನ ಎಂಜಿನ್, ಮುಂದೆ ಸದ್ದಿಲ್ಲದ ಬ್ಯಾಟರಿ ಮೋಟರ್, ಮೀನು ಜೀವಂತ ಇಡಲು ನೀರಿನ ತೊಟ್ಟಿ. ಕಿಲೋಮೀಟರುಗಟ್ಟಲೆ ಅಗಲದ ಜಲಾಶಯದಲ್ಲಿ ಓಡಾಡಲು ಅದು ಬೇಕು. ಕೆಮ್ಮಣ್ಣು ಊರಿನ ಕುದ್ರುಗಳ (ಹೊಳೆಯ ನಡುವಿನ ದ್ವೀಪಗಳ) ನಡುವೆ ಅದನ್ನು ಬಿಟ್ಟರೆ ಮೊದಲ ಇಳಿತದಲ್ಲೇ ಕೆಸರಿನ ಮೇಲೆ ಕೂರುತ್ತದೆ. ನನ್ನದು ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್, ಮೂರು ಮೀಟರಿನದ್ದು. ದೊಡ್ಡ ಹೊಳೆಯಲ್ಲಿ ಪರಿಚಯದ ಅಣ್ಣನೊಬ್ಬರ ಪಾತಿ ದೋಣಿ. ಅವರು ಹುಟ್ಟು ಹಾಕುತ್ತಾರೆ, ನಾನು ಕೂತೇ ಎಸೆಯುತ್ತೇನೆ. ಪಾತಿಯಲ್ಲಿ ಎದ್ದು ನಿಂತರೆ ಇಬ್ಬರೂ ನೀರಿಗೆ.

ಗಾಳಿಯ ಲೆಕ್ಕ ಹೇಳಿಕೊಟ್ಟದ್ದೂ ಆ ಅಣ್ಣನೇ. ಬೇಸಿಗೆಯಲ್ಲಿ ಬೆಳಗಿನ ಗಾಳಿ ಗಟ್ಟದ ಕಡೆಯಿಂದ, ಮಧ್ಯಾಹ್ನದ ಗಾಳಿ ಕಡಲಿನಿಂದ. ಬೆಳಿಗ್ಗೆ ಇಳಿತವೂ ಮೂಡುಗಾಳಿಯೂ ಸೇರಿದರೆ ಕಯಾಕ್ ತಾನಾಗಿ ಪಡುವಣಕ್ಕೆ ಹೋಗುತ್ತದೆ. ಕೆಳಗಿನ ತೋಡುಗಳನ್ನು ಒಂದೊಂದಾಗಿ ಮುಗಿಸಬಹುದು. ಮಧ್ಯಾಹ್ನ ಉಬ್ಬರವೂ ಕಡಲಗಾಳಿಯೂ ಸೇರಿ ವಾಪಸು ತಳ್ಳುತ್ತವೆ. ಎಂಜಿನ್ ಬೇಡ, ತೋಳು ನೋಯುವುದಿಲ್ಲ. ಆದರೆ ಎಲ್ಲಿ ತಿರುಗಬೇಕು ಎಂದು ಹೊರಡುವ ಮೊದಲೇ ಗುರುತು ಇಟ್ಟುಕೊಳ್ಳಬೇಕು. ಅಳಿವೆ ಬಾಗಿಲಿನ ಹತ್ತಿರ ಇಳಿತದ ಎಳೆತಕ್ಕೆ ಕಯಾಕ್ ಏನೂ ಅಲ್ಲ. ಲೈಫ್ ಜಾಕೆಟ್ ಇಲ್ಲದೆ ನನ್ನ ಜೊತೆ ಯಾರೂ ಬರುವಂತಿಲ್ಲ. ಬೀಸುಬಲೆಯವರು ಕಂಡರೆ ನಾನೇ ಜಾಗ ಬಿಡುತ್ತೇನೆ. ಅವರಿಗೆ ಅದು ಊಟದ ಪ್ರಶ್ನೆ, ನನಗೆ ಭಾನುವಾರದ ಪ್ರಶ್ನೆ. ತುಂಬೆ, ಬಜೆಯಂತಹ ಕುಡಿಯುವ ನೀರಿನ ಅಣೆಕಟ್ಟಿನ ಹತ್ತಿರ ಹೋಗುವುದಿಲ್ಲ. ದೇವಸ್ಥಾನದ ದೇವರ ಮೀನಿರುವ ಹೊಳೆಗೂ ಇಲ್ಲ. 1996ರಲ್ಲಿ ಶಿಶಿಲದಲ್ಲಿ ವಿಷಕ್ಕೆ ಸತ್ತ ಮಹಶೀರ್‌ಗಳ ನೆನಪು ಆ ಕಡೆಯವರಿಗೆ ಇನ್ನೂ ಹೋಗಿಲ್ಲ.

ಹಿಡಿದ ಮೀನನ್ನು ಬಿಡುವುದೇ ನಮ್ಮವರಿಗೆ ಅರ್ಥವಾಗದ ಸಂಗತಿ. ಅಮೆರಿಕದಲ್ಲಿ ಬಾಸ್ ಪಂದ್ಯಗಳನ್ನು ಬೆಳೆಸಿದ ರೇ ಸ್ಕಾಟ್ 1972ರಲ್ಲಿ, ಹಿಡಿದದ್ದನ್ನು ಜೀವಂತ ಬಿಡಿ ಎಂಬ ಪಾಠ ಶುರು ಮಾಡಿದರು. ನಾನು ಅದನ್ನು ಮನೆಯಲ್ಲಿ ವಿವರಿಸಿದಾಗ ಅಮ್ಮ ಕೇಳಿದ್ದು ಒಂದೇ: "ನಿನ್ನ ಮಂಡೆ ಸಮ ಉಂಟಾ? ಹಿಡಿದ ಮೀನನ್ನು ಬಿಟ್ಟು ಬರುವುದಾ?" ಅವರ ಮಾತಿನಲ್ಲೂ ನ್ಯಾಯವಿದೆ. ಹಾಗಾಗಿ ನಡುವಿನ ದಾರಿ. ಸಣ್ಣದು ವಾಪಸು. ತೀರಾ ದೊಡ್ಡ ಸೀಬಾಸ್ ಕೂಡ ವಾಪಸು, ಯಾಕೆಂದರೆ ಈ ಮೀನು ಮೊದಲ ಕೆಲವು ವರ್ಷ ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತದೆ. ದೊಡ್ಡವು ಹೆಚ್ಚಾಗಿ ಮೊಟ್ಟೆಯಿಡುವ ಹೆಣ್ಣುಗಳೇ. ನಡುವಿನ ಗಾತ್ರದ್ದು ಪುಳಿಮುಂಚಿ ಸಾರಿಗೆ.

ಹೊಸಬರು ಕೇಳಿದರೆ ಕಪ್ಪೆ ಒಂದು, ಮಿನ್ನೋ ಒಂದು, ಎಟ್ಟಿಯಾಕಾರದ ರಬ್ಬರ್ ಒಂದು ಪ್ಯಾಕೆಟ್, ಇಷ್ಟರಲ್ಲೇ ಒಂದು ವರ್ಷ ಕಳೆಯಿರಿ ಎನ್ನುತ್ತೇನೆ. ಉಳಿದ ದುಡ್ಡನ್ನು ರೀಲ್‌ಗೆ ಹಾಕಿ. ಬಾಸ್ ಲೂರ್‌ಗಳ ಜೊತೆ ಬರುವ ಕೊಕ್ಕೆ ಸಿಹಿನೀರಿಗೆ ಮಾಡಿದ್ದು, ನಮ್ಮ ಚಪ್ಪೆ ಉಪ್ಪಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ತಂದ ದಿನವೇ ಕಿತ್ತು ಸಮುದ್ರಕ್ಕೆ ತಡೆಯುವ ಕೊಕ್ಕೆ ಹಾಕಿ. ಮನೆಗೆ ಬಂದ ಮೇಲೆ ರಾಡ್, ರೀಲ್, ಲೂರ್ ಎಲ್ಲವನ್ನೂ ಬಾವಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು ಊಟಕ್ಕಿಂತ ಮೊದಲ ಕೆಲಸ.

ಜೂನ್ ಬಂದರೆ ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯುತ್ತಾರೆ, ಹೊಳೆ ಕೆಂಪಾಗುತ್ತದೆ, ಲೂರ್ ಮೀನಿಗೆ ಕಾಣುವುದಿಲ್ಲ. ಮೊದಲ ಮಳೆಗೆ ಬೈಲಿಗೆ ಏರುವ ಉಬರ್ ಮೀನಿನ ಹಿಂದೆ ಊರೇ ಟಾರ್ಚ್ ಹಿಡಿದು ಓಡುತ್ತದೆ. ನಾನು ರೀಲ್ ಬಿಚ್ಚಿ ಗ್ರೀಸ್ ಹಚ್ಚುತ್ತಾ ಕೂರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ರಜೆ, ಪೇಟೆಯಲ್ಲಿ ತಾಜಾ ಮೀನಿಗೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಮ್ಮನಿಗೆ ನನ್ನ ಮಡೆಂಜಿಯ ನೆನಪಾಗುವುದು ಆಗಲೇ. ಅದು ಮರಿ ಮಾಡುವ ಕಾಲ, ಈಗ ಹಿಡಿಯುವುದಿಲ್ಲ ಎಂದರೆ, "ಹಾಗಾದರೆ ಒಣಮೀನಿನ ಚಟ್ನಿಯೇ ಗತಿ, ತೆಂಗಿನಕಾಯಿ ತುರಿದು ಕೊಡು" ಎನ್ನುತ್ತಾರೆ.