ಒಂದಕ್ಕೊಂದು ಎಂಬ ಕಟ್ಟಳೆ ಬಿಟ್ಟ ಮೇಲೆ ಸಿರಿಂಜು ಮರಳಿ ಬಂತು

ಮಂಗಳೂರಿನ ಮೀನುಗಾರಿಕೆ ದಕ್ಕೆಯ ಬಳಿ, ಮಾದಕದ್ರವ್ಯ ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಂಡು ಎಚ್‌ಐವಿ ಹಚ್ಚಿಕೊಳ್ಳದಿರಲೆಂದು ಹೊಸ ಸಿರಿಂಜು ಕೊಡುವ ವಿನಿಮಯದ ಕೆಲಸ ವಹಿಸಿಕೊಂಡಾಗ, ಹಳೆಯದೊಂದು ಕೊಟ್ಟವರಿಗೆ ಹೊಸದೊಂದು ಎಂಬ ಕಟ್ಟಳೆ ಹಾಕಿದವನು ನಾನೇ. ಪುಸ್ತಕದಲ್ಲಿ ಲೆಕ್ಕ ಒಂದಿಷ್ಟೂ ತಪ್ಪುತ್ತಿರಲಿಲ್ಲ, ಬರುವವರು ಮಾತ್ರ ಇಪ್ಪತ್ತು ಮಂದಿಯನ್ನು ದಾಟಲಿಲ್ಲ. ಬಳಸಿದ ಸಿರಿಂಜು ಕಿಸೆಯಲ್ಲಿದ್ದರೆ ಪೊಲೀಸರಿಗೆ ತಾವೇ ಸಾಕ್ಷಿ ಒದಗಿಸಿದಂತೆ ಎಂಬ ಹೆದರಿಕೆಯಿಂದ ಹುಡುಗರು ಅದನ್ನು ಚರಂಡಿಗೆ ಎಸೆದು ಬರಿಗೈಯಲ್ಲಿ ಬರುತ್ತಿದ್ದರು. ನಾನೂ ಬರಿಗೈಯಲ್ಲೇ ಕಳುಹಿಸುತ್ತಿದ್ದೆ. ಆ ರಾತ್ರಿ ಮೂವರಿಗೆ ಒಂದೇ ಸೂಜಿಯಾಗುತ್ತಿತ್ತು. “ನೀವು ಬಂದದ್ದು ನಮಗಾಗಿಯಾ, ಲೆಕ್ಕಕ್ಕಾಗಿಯಾ ಮಾರಾಯ್ರೆ?” ಎಂದು ಒಬ್ಬ ಕೇಳಿದ ವಾರವೇ ಕಟ್ಟಳೆ ಕೈಬಿಟ್ಟೆ.

ದಿನಕ್ಕೆ ಎಷ್ಟು ಬಾರಿ ಚುಚ್ಚಿಕೊಳ್ಳುತ್ತಾರೆಂದು ಕೇಳಿ ವಾರಕ್ಕಾಗುವಷ್ಟನ್ನು ಒಟ್ಟಿಗೆ ಕೊಡತೊಡಗಿದಾಗ, ದಕ್ಕೆ ತುಂಬ ಸೂಜಿ ಹರಡುತ್ತೀಯೆಂದು ಸಹೋದ್ಯೋಗಿಗಳೇ ಜರೆದರು. ಇಷ್ಟು ಕಡಿಮೆ ಜನರಿಗೆ ಇಷ್ಟೇಕೆ ಖರ್ಚು ಎಂದವರ ಮುಂದೆ 2021ರ ರಾಷ್ಟ್ರೀಯ ಸಮೀಕ್ಷೆಯನ್ನಿಟ್ಟೆ: ವಯಸ್ಕರಲ್ಲಿ ಎಚ್‌ಐವಿ ಶೇ. 0.2ರ ಆಸುಪಾಸಿನಲ್ಲಿರುವಾಗ ಚುಚ್ಚಿಕೊಳ್ಳುವವರಲ್ಲಿ ಅದು ಶೇ. 9ರಷ್ಟಿತ್ತು. ಇಂಥ ಕೆಲಸ ಅಪರಾಧವಲ್ಲವೆನ್ನುವ, 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮಿನ ಪ್ರತಿ ಈಗಲೂ ನಮ್ಮ ಪ್ರತಿಯೊಬ್ಬರ ಚೀಲದಲ್ಲಿರುತ್ತದೆ.

ಬಳಸಿದ ಸಿರಿಂಜು ಮರಳಿಸಲು ಮೊದಲು ಇಟ್ಟದ್ದು ಅಗ್ಗದ ಪ್ಲಾಸ್ಟಿಕ್ ಬಕೆಟ್, ಅದು ನನ್ನದೇ ದಡ್ಡತನ. ಅದನ್ನೆತ್ತುವಾಗ ತಳದಿಂದ ಹೊರಬಂದಿದ್ದ ಸೂಜಿ ನಮ್ಮ ಜೊತೆ ಕೆಲಸ ಮಾಡುವ ಹುಡುಗನ ಅಂಗೈಗೆ ಚುಚ್ಚಿತು. 72 ಗಂಟೆಯ ಗಡುವಿದ್ದರೂ ಎರಡೇ ಗಂಟೆಯೊಳಗೆ ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ ಶುರುಮಾಡಿಸಿದೆವು. 28 ದಿನ ಅವನು ಓಕರಿಕೆಯಲ್ಲೇ ಕಳೆದ, ಕೊನೆಗೆ ಸೋಂಕು ಇಲ್ಲವೆಂದು ವರದಿ ಬಂತು. ಚುಚ್ಚಿದರೆ ತೂತಾಗದ ಡಬ್ಬಿಗೆ ಅಂಗಡಿಯವರು ಹೇಳಿದ ಬೆಲೆ ನಮ್ಮ ಕೈಗೆಟುಕಲಿಲ್ಲ. ಬೋಟಿನವರು ಎಸೆಯುವ ಎಂಜಿನ್ ಎಣ್ಣೆಯ ದಪ್ಪ ಕ್ಯಾನು ತೊಳೆದು, ಮುಚ್ಚಳದಲ್ಲಿ ಸಿರಿಂಜು ಒಳಹೋಗುವಷ್ಟೇ ತೂತು ಕೊರೆದೆ. ಒಂದಕ್ಕೆ ಹತ್ತು ರೂಪಾಯಿಯೂ ತಗಲಲಿಲ್ಲ. ವರ್ಷ ತುಂಬುವಷ್ಟರಲ್ಲಿ, ನೆನಪಿನ ಲೆಕ್ಕದಲ್ಲಿ, ಕೊಟ್ಟದ್ದರ ಮುಕ್ಕಾಲು ಪಾಲು ಮರಳುತ್ತಿತ್ತು, ಬರುವವರು ತೊಂಬತ್ತರ ಹತ್ತಿರವಿದ್ದರು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒಂದೇ ಕೋಣೆಯಲ್ಲಿ ಕೂರುವವರ ಸಿರಿಂಜು ಅದಲುಬದಲಾಗದಿರಲೆಂದು ತಲಾ ಒಂದು ಬಣ್ಣದ ನೈಲ್ ಪಾಲಿಶ್ ಕೊಟ್ಟು, ಒತ್ತುಗೋಲಿನ ತುದಿಗೆ ಹಚ್ಚಲು ಹೇಳಿದೆ. ಕೆಂಪಿಗೆ ಜಗಳವಾಯಿತು, ಆದರೂ ಮೂರನೆಯ ವಾರದಿಂದ ರೂಢಿಯಾಯಿತು. ಸೂಜಿ ಕಳಚುವ ಎರಡು ಮಿಲಿಯ ಸಿರಿಂಜಿನಲ್ಲಿ ರಕ್ತ ಹೆಚ್ಚು ಉಳಿಯುವುದರಿಂದ ಸೂಜಿ ಅಂಟಿಕೊಂಡೇ ಇರುವ ಇನ್ಸುಲಿನ್ ಸಿರಿಂಜಿಗೆ ಬದಲಿಸಲು ನೋಡಿದೆ. ಅದನ್ನು ಅರ್ಧದಷ್ಟು ಜನ ಒಪ್ಪಲೇ ಇಲ್ಲ.

ಚುಚ್ಚಿಕೊಳ್ಳುವುದನ್ನು ಬಿಡಿಸಲು ಅದರ ಬದಲಿಗೆ ಕೊಡುವ, ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಗೆ ಶುರುವಿನಲ್ಲಿ ದಿನವೂ ಚಿಕಿತ್ಸಾ ಕೇಂದ್ರಕ್ಕೆ ಬರಬೇಕು. ಬೋಟಿಗೆ ಹೋಗುವವರು ವಾರಗಟ್ಟಲೆ ದಡಕ್ಕೆ ಬರುವುದಿಲ್ಲ. ಆದ್ದರಿಂದ ಅವರನ್ನು ಮೀನುಗಾರಿಕೆ ನಿಷೇಧವಿರುವ ಜೂನ್, ಜುಲೈಯಲ್ಲೇ ಸೇರಿಸುತ್ತೇವೆ. ಕಳೆದ ಮಳೆಗಾಲ ಹನ್ನೊಂದು ಮಂದಿ ಸೇರಿದರು, ಆಗಸ್ಟಿನಲ್ಲಿ ಬೋಟುಗಳು ಹೊರಟ ಮೇಲೆ ಉಳಿದವರು ನಾಲ್ವರು.