ಗಿಲೀಟು ಒಡವೆ ಕಪ್ಪಾಯಿತೇ? ಹುಣಸೆಹಣ್ಣು ಪಕ್ಕಕ್ಕಿಡಿ

ಹೋಳಿ ಹುಣ್ಣಿಮೆಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ಆಸೆಪಟ್ಟು ಕೊಂಡ ಝುಮಕಿ, ಬೇಸಿಗೆಯ ಮದುವೆಗಳು ಮುಗಿಯುವಷ್ಟರಲ್ಲಿ ಮಂಕಾಗಿರುತ್ತದೆ. ಅಂಗಡಿಯವನನ್ನು ಬೈದು ಫಲವಿಲ್ಲ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಕೊರಳಲ್ಲಿ ಇಳಿಯುವ ಬೆವರು ಉಪ್ಪುನೀರು. ಅದು ಒಡವೆಯ ಮೇಲಿನ ತೆಳು ಬಂಗಾರದ ಲೇಪದಲ್ಲಿರುವ, ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಇಳಿದು ಒಳಗಿನ ಹಿತ್ತಾಳೆ, ತಾಮ್ರಗಳನ್ನು ತಿನ್ನುತ್ತದೆ. ಮೊದಲು ಕಪ್ಪು, ಆಮೇಲೆ ಹಸಿರು ಕಿಲುಬು.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರ ಕೈ ಹುಣಸೆಹಣ್ಣಿನ ಡಬ್ಬಿಗೆ ಹೋಗುತ್ತದೆ. ಹಿತ್ತಾಳೆಯ ತಂಬಿಗೆಗೆ ಅದು ಒಳ್ಳೆಯದೇ, ಏಕೆಂದರೆ ತಂಬಿಗೆ ಒಳಗೂ ಹೊರಗೂ ಹಿತ್ತಾಳೆ. ಅಗ್ಗದ ಗಿಲೀಟಿನಲ್ಲಿ ಬಂಗಾರದ ಲೇಪ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಇರುವುದಿಲ್ಲ. ಹುಳಿ ಹಚ್ಚಿ ತಿಕ್ಕಿದರೆ ಕೊಳೆಯ ಜೊತೆಗೆ ಬಂಗಾರವೂ ಮೋರಿಗೆ ಹೋಗುತ್ತದೆ. ಹಲ್ಲುಜ್ಜುವ ಪೇಸ್ಟ್, ಅಡುಗೆ ಸೋಡಾ, ರಂಗೋಲಿ ಪುಡಿ ಕೂಡ ಬೇಡ. ಮೊಬೈಲ್ ವಿಡಿಯೊಗಳಲ್ಲಿ ಇವು ತೋರಿಸುವ ಹೊಳಪು ಲೇಪದ ಕೆಳಗಿನ ಹಿತ್ತಾಳೆಯದು. ಕೆಲವೇ ದಿನಗಳಲ್ಲಿ ಅದೂ ಕಪ್ಪಾಗುತ್ತದೆ.

ಮೊದಲು ಲೋಹ ಯಾವುದೆಂದು ನೋಡಿ

ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನು ಒಡವೆಯ ಹತ್ತಿರ ತನ್ನಿ. ಗಟ್ಟಿಯಾಗಿ ಹಿಡಿದುಕೊಂಡರೆ ಒಳಗೆ ಕಬ್ಬಿಣವಿದೆ; ಕೆಂಪು ತುಕ್ಕು ಬರುವುದು ಅದಕ್ಕೆ ಮಾತ್ರ. ಹಿಡಿಯದಿದ್ದರೆ ಹಿತ್ತಾಳೆ, ತಾಮ್ರ ಅಥವಾ ಸತುವಿನ ಮಿಶ್ರಣ. ಎಷ್ಟೋ ಸರಗಳಲ್ಲಿ ಮಣಿ ಹಿತ್ತಾಳೆಯದು, ಕೊಂಡಿ ಕಬ್ಬಿಣದ್ದು ಆಗಿರುತ್ತದೆ. ಹಾಗಾಗಿ ಕೊಂಡಿಯನ್ನು ಬೇರೆಯಾಗಿಯೇ ಪರೀಕ್ಷಿಸಿ.

ಕಪ್ಪೆಲ್ಲವೂ ಕೊಳೆಯಲ್ಲ. ಕಾಲೇಜಿನ ಹುಡುಗಿಯರು ಇಷ್ಟಪಡುವ ಆಕ್ಸಿಡೈಸ್ಡ್ ಸರಗಳ ಕಪ್ಪನ್ನು ಬೇಕೆಂದೇ ತರಿಸಿರುತ್ತಾರೆ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಬೀದರಿನಿಂದ ತಂದ ಬಿದರಿ ಓಲೆ, ಪದಕಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಬಿದರಿಯ ಮೈ ಸತು ಮತ್ತು ಅಲ್ಪ ತಾಮ್ರದ ಎರಕ. ಅದರಲ್ಲಿ ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಬೆರೆಸಿದ ನೀರಿನಲ್ಲಿ ಕಾಯಿಸುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಸುಬಿನ ಜೀವವೇ ಆ ಕಪ್ಪು. ನಿಂಬೆಹಣ್ಣು ಸೋಕಿದರೆ ಸತು ಕರಗಿ ಅಲ್ಲಿ ಬೂದು ಕಲೆ ಬೀಳುತ್ತದೆ. ಬಿದರಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಷ್ಟೇ.

ತೊಳೆಯುವ ಕ್ರಮ

ಉಗುರುಬೆಚ್ಚಗಿನ ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ. ಹರಳು, ಮುತ್ತು, ಕುಂದನ್ ಇಲ್ಲದ ಒಡವೆಯನ್ನು ಒಂದೆರಡು ನಿಮಿಷ ಅದ್ದಿ, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಒತ್ತದೆ ಉಜ್ಜಿ. ಹರಳುಗಳಿರುವುದನ್ನು ನೀರಿಗೆ ಹಾಕಲೇಬೇಡಿ. ಅವನ್ನು ಅಂಟಿನಿಂದ ಕೂರಿಸಿರುತ್ತಾರೆ, ಹಿಂದೆ ಹೊಳಪಿನ ತಗಡು ಇರುತ್ತದೆ. ನೀರು ಹೊಕ್ಕರೆ ಹರಳು ಕುರುಡಾಗುತ್ತದೆ. ಇಂಥವಕ್ಕೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿ ಸಾಕು.

ಹಸಿರು ಕಿಲುಬು ಮೂಲೆಗಳಲ್ಲಿ ಕುಳಿತಿದ್ದರೆ ಹಲ್ಲುಕಡ್ಡಿಗೆ ಹತ್ತಿ ಸುತ್ತಿ ಎತ್ತಿ. ಆಗಲೂ ಬಿಡದಿದ್ದರೆ ಮಾತ್ರ, ಸಮಪಾಲು ನೀರು ಬೆರೆಸಿದ ನಿಂಬೆರಸವನ್ನು ಆ ಕಲೆಗಷ್ಟೇ ತಾಗಿಸಿ ಕೂಡಲೇ ಒರೆಸಿಬಿಡಿ. ಅಲ್ಲಿ ಲೇಪ ಹೇಗೂ ಹೋಗಿರುತ್ತದೆ, ಸುತ್ತಲಿನದು ಉಳಿಯಲಿ.

ಕಬ್ಬಿಣದ ಕೊಂಡಿಯ ತುಕ್ಕಿಗೆ ನಿಂಬೆರಸದ ಹತ್ತಿಯನ್ನು ಐದು ನಿಮಿಷ ಒತ್ತಿಟ್ಟು, ಉಜ್ಜಿ, ನೀರಿನಿಂದ ಚೆನ್ನಾಗಿ ಒರೆಸಿ. ನನ್ನನ್ನು ಕೇಳಿದರೆ, ಕೊಂಡಿಯನ್ನೇ ಬದಲಿಸುವುದು ಜಾಣತನ. ಬಳೆ, ಮಣಿ ಮಾರುವ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಕಿವಿಯೊಳಗೆ ಹೋಗುವ ಕಡ್ಡಿ ತುಕ್ಕು ಹಿಡಿದಿದ್ದರೆ ಉಜ್ಜಿ ಮತ್ತೆ ಹಾಕಿಕೊಳ್ಳುವ ಉಳಿತಾಯ ಬೇಡ.

ಕೊನೆಯ ತೊಳೆತಕ್ಕೆ ಕೊಳವೆಬಾವಿಯ ನೀರು ಬೇಡ. ನಮ್ಮ ಕಡೆಯ ಗಡಸು ನೀರು ಆರಿದ ಮೇಲೆ ಬಿಳಿ ಚುಕ್ಕೆಗಳನ್ನು ಉಳಿಸುತ್ತದೆ. ಕುಡಿಯುವ ಫಿಲ್ಟರ್ ನೀರಿನ ಒಂದು ಲೋಟ ಸಾಕು. ನಂತರ ಹತ್ತಿ ಬಟ್ಟೆಯಲ್ಲಿ ಒತ್ತಿ, ಫ್ಯಾನಿನ ಕೆಳಗೆ ಎರಡು ಗಂಟೆ ಹರಡಿ. ಬಿಸಿಲಿಗೆ ಇಟ್ಟರೆ ಅಂಟು ಮೆತ್ತಗಾಗುತ್ತದೆ, ಅರಗಿನ ಬಳೆ ಸೊಟ್ಟಗಾಗುತ್ತದೆ. ಸರದ ಗುಂಡುಗಳ ಒಳಗೆ, ದಾರದ ಗಂಟಿನಲ್ಲಿ ಉಳಿದ ತೇವವೇ ಮುಂದಿನ ಕಿಲುಬಿನ ಬೀಜ. ಅವಸರ ಬೇಡ.

ಆರಿದ ಉಂಗುರ, ಬಳೆಗಳ ಒಳಮೈಗೆ ಬಣ್ಣವಿಲ್ಲದ ಉಗುರುಬಣ್ಣದ ಒಂದು ತೆಳು ಪದರ ಹಚ್ಚಿದರೆ ಬೆವರು ಲೋಹಕ್ಕೆ ತಾಗುವುದಿಲ್ಲ. ಸವೆದಾಗ ಮತ್ತೆ ಹಚ್ಚಬೇಕು. ನಿಕ್ಕಲ್ ತಾಗಿ ತುರಿಕೆಯಾಗುವವರು ಇದನ್ನೇ ನಂಬಿ ಕೂರಬಾರದು, ಅಂಥ ಒಡವೆಯನ್ನೇ ಬಿಡಬೇಕು.

ಎತ್ತಿಡುವಾಗ ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿ ಹಾಕಿ, ಗಾಳಿ ಹೊರಗೆ ಒತ್ತಿ, ಚಪ್ಪಲಿ ಡಬ್ಬಿಯಲ್ಲಿ ಸಿಗುವ ತೇವ ಹೀರುವ ಸಿಲಿಕಾ ಪೊಟ್ಟಣವನ್ನು ಜೊತೆಗಿಡಿ. ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ. ಅದರಲ್ಲಿನ ಗಂಧಕ ಬೆಳ್ಳಿ ಲೇಪವನ್ನು ಕಪ್ಪಾಗಿಸುತ್ತದೆ. ಸೆಂಟು, ಪೌಡರು ಹಾಕಿ ಆರಿದ ಮೇಲೆ ಒಡವೆ ತೊಡಿ; ಕಳಚಿದ ಕೂಡಲೇ ಒಣಬಟ್ಟೆಯಿಂದ ಒರೆಸಿ.

ಇಷ್ಟಾದರೂ ಹಿತ್ತಾಳೆ ಎದ್ದು ಕಂಡರೆ ತೊಳೆದು ಫಲವಿಲ್ಲ, ಲೇಪವೇ ಮುಗಿದಿದೆ. ಸರಾಫ್ ಬಜಾರಿನಲ್ಲಿ ವಿಚಾರಿಸಿ, ಮತ್ತೆ ಪಾಲಿಶ್, ಅಂದರೆ ಹೊಸ ಲೇಪ, ಹಾಕಿಸುವ ಖರ್ಚನ್ನು ಹೊಸದರ ಬೆಲೆಯೊಂದಿಗೆ ಹೋಲಿಸಿ ನೋಡಿ. ಮೈ ಗುಳಿ ಬಿದ್ದಿದ್ದರೆ ಪಾಲಿಶ್‌ಗೆ ಹಣ ಕೊಡಬೇಡಿ, ಗುಳಿಗಳ ಮೇಲೆ ಅದು ನಿಲ್ಲುವುದಿಲ್ಲ.