ಸಹಾಯ ಬರುವ ಮೊದಲಿನ ದಿನಗಳು: ಆರ್ಕ್ಟಿಕ್ ಹಳ್ಳಿಗಳಲ್ಲಿ ತೈಲ ಸೋರಿಕೆಗೆ ಸಿದ್ಧತೆ

ಅಲಾಸ್ಕಾದ ಉತ್ತರ ತುದಿಯ ಉತ್ಕಿಯಾಗ್ವಿಕ್‌ಗೆ ಹೊರಗಿನಿಂದ ರಸ್ತೆ ಇಲ್ಲ. ದೊಡ್ಡ ಹಡಗು ನಿಲ್ಲುವ ಬಂದರೂ ಇಲ್ಲ. ಕೋಸ್ಟ್ ಗಾರ್ಡ್‌ನ ಹತ್ತಿರದ ಕಾಯಂ ವಾಯುನೆಲೆ ಇರುವುದು ಸುಮಾರು 1,500 ಕಿಲೋಮೀಟರ್ ದೂರದ ಕೋಡಿಯಾಕ್‌ನಲ್ಲಿ. ನವೆಂಬರ್ ಮೂರನೇ ವಾರದಿಂದ ಎರಡು ತಿಂಗಳ ಮೇಲೆ ಸೂರ್ಯ ಮೂಡುವುದೇ ಇಲ್ಲ. ಇಂಥ ಕಡೆ ಸಮುದ್ರಕ್ಕೆ ಎಣ್ಣೆ ಚೆಲ್ಲಿದರೆ ಮೊದಲು ಕಣ್ಣಿಗೆ ಬೀಳುವುದು ಊರಿನವರಿಗೆ, ಮೊದಲು ದೋಣಿ ಇಳಿಸಬೇಕಾದವರೂ ಅವರೇ. ಹೊರಗಿನ ಸಹಾಯ ಹವಾಮಾನ ಬಿಟ್ಟಾಗ ಬರುತ್ತದೆ. ನಾನು ತರಬೇತಿ ಯೋಜಿಸುವಾಗ ಲೆಕ್ಕ ಹಾಕುವುದು ಆ ನಡುವಿನ ದಿನಗಳನ್ನೇ.

ನಾನು ಹೊನ್ನಾವರದವನು. ಈಗ ಆಂಕರೇಜ್‌ನಲ್ಲಿದ್ದೇನೆ. ಚುಕ್ಚಿ ಮತ್ತು ಬ್ಯೂಫೋರ್ಟ್ ಸಮುದ್ರದ ದಂಡೆಯ ಇನ್ಯೂಪಿಯಾಟ್ ಮೂಲನಿವಾಸಿಗಳ ಹಳ್ಳಿಗಳಲ್ಲಿ ತೈಲ ಸೋರಿಕೆಯ ತರಬೇತಿ, ಅಣಕು ಕಾರ್ಯಾಚರಣೆ ನಡೆಸುವುದು ನನ್ನ ಕೆಲಸ. ಊರಿಗೆ ಹೋದಾಗ ಜನ ಕೇಳುತ್ತಾರೆ: "ಅಲ್ಲಿ ತೈಲ ಬಾವಿ ಕೊರೆಯೋದು ನಿಲ್ಲಿಸಿದ್ರಂತಲ್ಲ, ಇನ್ನೇನು ಭಯ?" ಶೆಲ್ ಕಂಪನಿ 2015ರಲ್ಲಿ ಚುಕ್ಚಿ ಸಮುದ್ರದಿಂದ ಹಿಂದೆ ಸರಿದದ್ದು ನಿಜ. ಹಡಗುಗಳು ಸರಿದಿಲ್ಲ, ಅಲ್ವಾ? ಸುಮಾರು 85 ಕಿಲೋಮೀಟರ್ ಅಗಲದ ಬೇರಿಂಗ್ ಜಲಸಂಧಿಯಲ್ಲಿ ಒಂದು ಪಕ್ಕ ರಷ್ಯಾ, ಇನ್ನೊಂದು ಪಕ್ಕ ಅಮೆರಿಕ. ಉತ್ತರದ ಸಮುದ್ರಕ್ಕೆ ಹೋಗುವ ಟ್ಯಾಂಕರ್, ಸರಕು ಹಡಗು ಎಲ್ಲವೂ ಆ ಇಕ್ಕಟ್ಟಿನಲ್ಲೇ ತೂರಬೇಕು. ಹಳ್ಳಿಗಳಿಗೆ ಇಡೀ ವರ್ಷದ ಡೀಸೆಲ್ ಬರುವುದೂ ಬೇಸಿಗೆಯ ಬಾರ್ಜ್‌ಗಳಲ್ಲಿ.

2004ರ ಡಿಸೆಂಬರ್‌ನಲ್ಲಿ ಸೆಲೆಂಡಾಂಗ್ ಆಯು ಎಂಬ ಹಡಗು ಸೋಯಾಬೀನ್ ಹೊತ್ತು ಹೋಗುತ್ತಿತ್ತು. ಎಂಜಿನ್ ಕೆಟ್ಟಿತು. ಗಾಳಿ ಅದನ್ನು ತಳ್ಳಿಕೊಂಡು ಹೋಗಿ ಅಲ್ಯೂಷನ್ ದ್ವೀಪಗಳ ಉನಲಾಸ್ಕಾಕ್ಕೆ ಬಡಿಯಿತು. ಹಡಗು ಎರಡು ಹೋಳಾಯಿತು. ಸುಮಾರು 13 ಲಕ್ಷ ಲೀಟರ್ ಇಂಧನ ಸಮುದ್ರ ಸೇರಿತು. ರಕ್ಷಣೆಗೆ ಹೋದ ಹೆಲಿಕಾಪ್ಟರ್ ಬಿದ್ದು ಹಡಗಿನ ಆರು ಜನ ಸತ್ತರು. ತರಬೇತಿಯ ಮೊದಲ ದಿನ ನಾನು ಈ ಘಟನೆಯನ್ನು ಪೂರ್ತಿ ಹೇಳುತ್ತೇನೆ. ಅಲ್ಲಿ ಯಾರೂ ತೈಲ ಬಾವಿ ಕೊರೆಯುತ್ತಿರಲಿಲ್ಲ.

ತರಬೇತಿಯ ದಿನ ಗೊತ್ತುಮಾಡುವುದು ಬೇಟೆಯ ಪಂಚಾಂಗ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಬೋಹೆಡ್ ತಿಮಿಂಗಿಲ ಮಂಜುಗಡ್ಡೆಯ ಬಿರುಕುಗಳ ದಾರಿಯಲ್ಲಿ ಉತ್ತರಕ್ಕೆ ಹೋಗುತ್ತದೆ. ಆಗ ಗಂಡಸರೆಲ್ಲ ಮಂಜುಗಡ್ಡೆಯ ಅಂಚಿನಲ್ಲಿರುತ್ತಾರೆ. ಬೇಸಿಗೆ ಶುರುವಾದರೆ ಗಡ್ಡದ ಸೀಲ್. ಉತ್ಕಿಯಾಗ್ವಿಕ್, ಕಾಕ್ಟೋವಿಕ್‌ನಂಥ ಊರುಗಳಲ್ಲಿ ಬೇಸಿಗೆ ಮುಗಿಯುತ್ತಿದ್ದ ಹಾಗೆ ಮತ್ತೆ ತಿಮಿಂಗಿಲ. ಹಾಗಾಗಿ ಮೇಜಿನ ಸುತ್ತ ಕೂತು ಮಾಡುವ ತಾಲೀಮನ್ನು ಫೆಬ್ರವರಿ ಹೊತ್ತಿಗೆ ಇಟ್ಟುಕೊಂಡೆ. ನೀರಿಗಿಳಿಯುವುದನ್ನು ಆಗಸ್ಟ್‌ಗೆ. ಕಚೇರಿಗಳವರಿಗೆ ಈ ವೇಳಾಪಟ್ಟಿ ಒಪ್ಪಿಸಲು ಜಾಸ್ತಿ ಮಾತಾಡಬೇಕಾಯಿತು, ಏಕೆಂದರೆ ಅವರ ಬಜೆಟ್ ವರ್ಷವೇ ಬೇರೆ.

ಮೇಜಿನ ತಾಲೀಮಿನಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಬೆಳಗಿನ ಜಾವ ಮೂರು ಗಂಟೆಗೆ ಸುದ್ದಿ ಬಂತು, ಫೋನ್ ಯಾರಿಗೆ? ಕೆಲವು ನೂರು ಜನರ ಹಳ್ಳಿಯಲ್ಲೂ ನಗರ ಮಂಡಳಿ ಇದೆ, ಬುಡಕಟ್ಟು ಮಂಡಳಿ ಇದೆ, ಮೂಲನಿವಾಸಿಗಳ 1971ರ ಭೂ ಕಾಯ್ದೆಯಿಂದ ಹುಟ್ಟಿದ ಹಳ್ಳಿ ಕಾರ್ಪೊರೇಷನ್ ಅನ್ನುವ ಊರಿನವರ ಕಂಪನಿ ಇದೆ. ಇವುಗಳ ಮೇಲೆ ನಮ್ಮ ಜಿಲ್ಲೆಯಂಥ 'ಬರೋ' (borough) ಆಡಳಿತ. ಸೋರಿಕೆಯಾದರೆ ಕೋಸ್ಟ್ ಗಾರ್ಡ್, ರಾಜ್ಯದ ಪರಿಸರ ಇಲಾಖೆ ಮತ್ತು ಎಣ್ಣೆ ಚೆಲ್ಲಿದ ಕಂಪನಿ ಸೇರಿ ಜಂಟಿ ಕಮಾಂಡ್ ಕಟ್ಟುತ್ತವೆ. ಅಲ್ಲಿ ಊರಿನ ಪರವಾಗಿ ಯಾರು ಕೂರಬೇಕು ಅನ್ನುವುದನ್ನು ಎಣ್ಣೆ ಚೆಲ್ಲಿದ ಮೇಲೆ ಚರ್ಚಿಸುವುದಕ್ಕಾಗುವುದಿಲ್ಲ. ನಾನು ನಾಲ್ಕೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿ, ಒಂದು ಹೆಸರು, ಅವರು ಸಿಗದಿದ್ದರೆ ಇನ್ನೊಂದು ಹೆಸರು ಬರೆಸದೆ ಎದ್ದೇಳುತ್ತಿರಲಿಲ್ಲ. ನನ್ನ ಮಟ್ಟಿಗೆ ಇದು ಯಾವ ಯಂತ್ರಕ್ಕಿಂತಲೂ ಮುಖ್ಯ.

ಆಮೇಲೆ ನಕ್ಷೆ. ಚುಕ್ಚಿ ದಂಡೆಯ ಉದ್ದಕ್ಕೂ ಮರಳುದಿಬ್ಬದ ಹಿಂದೆ ಹಿನ್ನೀರಿನ ಸರೋವರಗಳಿವೆ. ಮೀನು, ಹಕ್ಕಿ, ಬೆಲುಗಾ ತಿಮಿಂಗಿಲ, ಎಲ್ಲ ಅಲ್ಲೇ. ಅಳಿವೆಯ ಬಾಯಿಗೆ ಬೂಮ್ ಕಟ್ಟಿ ಎಣ್ಣೆ ಒಳಗೆ ಬರದಂತೆ ತಡೆಯುವುದು ಯೋಜನೆ. ಬೂಮ್ ಅಂದರೆ ನೀರಿನ ಮೇಲೆ ತೇಲುವ ಬೇಲಿ, ಅದರ ಕೆಳಗೆ ನೇತಾಡುವ ಪರದೆ. ಒಂದು ಹಳ್ಳಿಯ ಸಭಾಭವನದಲ್ಲಿ ನಕ್ಷೆ ಹಾಸಿದ್ದೆವು. ತಿಮಿಂಗಿಲ ಬೇಟೆ ತಂಡದ ಹಿರಿಯ ನಾಯಕರೊಬ್ಬರು ಬಹಳ ಹೊತ್ತು ಸುಮ್ನೆ ನೋಡಿದರು. ಆಮೇಲೆ ಬೆರಳಿಟ್ಟು ಹೇಳಿದರು: "ಈ ಬಾಯಿ ಹೋದ ಬಿರುಗಾಳಿಗೆ ಮುಚ್ಚಿಹೋಯ್ತು. ಈಗ ನೀರು ಹೋಗೋದು ಇಲ್ಲಿಂದ. ಪಶ್ಚಿಮದ ಗಾಳಿ ಎದ್ದರೆ ಮಂಜುಗಡ್ಡೆಯೇ ಬಂದು ಇದನ್ನೂ ಕಟ್ಟುತ್ತೆ. ಆಗ ನಿಮ್ಮ ಬೇಲಿನೂ ಬೇಡ, ನಮ್ಮ ದೋಣಿನೂ ಇಳಿಯಲ್ಲ." ಪಕ್ಕದಲ್ಲಿದ್ದ ಇಬ್ಬರು ತಲೆಯಾಡಿಸಿ, ಪೆನ್ಸಿಲ್ ತೆಗೆದುಕೊಂಡು ಹೊಸ ದಡವನ್ನು ಬರೆದುಕೊಟ್ಟರು. ಆವತ್ತಿನಿಂದ ಪ್ರತಿ ವರ್ಷ ಬೇಸಿಗೆಯ ಶುರುವಿನಲ್ಲಿ ಅಳಿವೆಗಳನ್ನು ಊರಿನವರೇ ನೋಡಿ ಗುರುತು ಹಾಕಿ ಕಳಿಸುವ ಪದ್ಧತಿ ಇಟ್ಟೆವು. ಅದಕ್ಕೆ ಸಂಬಳ ಕೊಡಲೇಬೇಕು ಅಂತ ಹಟ ಹಿಡಿದೆ. ಸರ್ವೆಯವರು ಮಾಡಿದರೆ ಕೂಲಿ, ಊರಿನವರು ಮಾಡಿದರೆ ಬಿಟ್ಟಿ ಅನ್ನುವುದು ನ್ಯಾಯವಲ್ಲ.

ನೀರಿನ ಮೇಲೆ ಕಲಿಸಬೇಕಾದದ್ದು ಮುಖ್ಯವಾಗಿ ನಿಧಾನ. ಬೂಮ್‌ಗೆ ಎದುರಾಗಿ ನೀರು 0.7 ನಾಟ್‌ಗಿಂತ ಜೋರಾಗಿ ಬಂದರೆ ಎಣ್ಣೆ ಅಡಿಯಿಂದ ನುಸುಳಿ ಹೋಗುತ್ತದೆ. ಅದು ಗಂಟೆಗೆ 1.3 ಕಿಲೋಮೀಟರ್, ಮಗು ನಡೆಯುವಷ್ಟು ವೇಗ. ಅಲೆ ಸೀಳಿಕೊಂಡು ಹೋಗಿ ಅಭ್ಯಾಸವಾದ ಅಲ್ಯುಮಿನಿಯಂ ದೋಣಿಯವರಿಗೆ ಎರಡು ದೋಣಿ ನಡುವೆ ಬೂಮ್ ಹಿಡಿದು ಆ ವೇಗದಲ್ಲಿ ಸಾಗುವುದೇ ಕಷ್ಟ. ಅಳಿವೆಯಲ್ಲಿ ಸೆಳೆತ ಜಾಸ್ತಿ ಇರುವುದರಿಂದ ಬೂಮನ್ನು ಅಡ್ಡಕ್ಕೆ ಕಟ್ಟದೆ ಓರೆಯಾಗಿ ಕಟ್ಟಬೇಕು. ಆಗ ಎಣ್ಣೆ ಜಾರಿಕೊಂಡು ದಡದ ಒಂದು ಮೂಲೆಗೆ ಬರುತ್ತದೆ. ಅಲ್ಲಿ ಸ್ಕಿಮ್ಮರ್, ಅಂದರೆ ನೀರಿನ ಮೇಲಿನ ಎಣ್ಣೆ ಎತ್ತುವ ಯಂತ್ರ, ಇಟ್ಟು ಎತ್ತಬಹುದು. ಲಂಗರು ಮರಳಿನಲ್ಲಿ ಹಿಡಿಯುತ್ತಾ, ಎರಡು ತುಂಡು ಬೂಮ್‌ಗಳ ಕೊಂಡಿ ಒಂದಕ್ಕೊಂದು ಕೂರುತ್ತಾ, ಕೈಗವಸು ಹಾಕಿಕೊಂಡು ಪಿನ್ ತೂರಿಸಲು ಆಗುತ್ತಾ, ಇವೆಲ್ಲ ದಡದ ಮೇಲೆ ಒಣಗಿದ ಜಾಗದಲ್ಲಿ ಹತ್ತಾರು ಸಲ ಮಾಡಿಸಿದ ಮೇಲೇ ನೀರಿಗೆ ಬಿಡುತ್ತೇನೆ. ಹಿಮಕರಡಿ ಕಾಯಲು ಬಂದೂಕು ಹಿಡಿದವರೊಬ್ಬರು ಬೆನ್ನ ಹಿಂದೆ ಇದ್ದೇ ಇರಬೇಕು. ಅವರೂ ಊರಿನವರೇ.

ಎತ್ತಿದ ಎಣ್ಣೆಯನ್ನು ಹಾಕುವುದೆಲ್ಲಿ ಅನ್ನುವುದು ಸ್ಕಿಮ್ಮರ್‌ಗಿಂತ ದೊಡ್ಡ ತಲೆನೋವು. ಎಣ್ಣೆಯ ಜೊತೆ ನೀರು ಬರುತ್ತದೆ, ಮಂಜಿನ ಕೆಸರು ಬರುತ್ತದೆ. ತೊಟ್ಟಿ ಬೇಗ ತುಂಬುತ್ತದೆ, ಅಲ್ಲಿಗೆ ಕೆಲಸ ನಿಲ್ಲುತ್ತದೆ. ಅದಕ್ಕೇ ದೂರದ ಸಮುದ್ರದಲ್ಲಿ ಸುಡುವ ವಿಧಾನವನ್ನೂ ಮುಂಚೆಯೇ ಚರ್ಚಿಸುತ್ತೇವೆ. ತಾಜಾ ಎಣ್ಣೆ ಎರಡು ಮೂರು ಮಿಲಿಮೀಟರ್ ದಪ್ಪ ಇದ್ದರೆ ಹೊತ್ತಿಕೊಳ್ಳುತ್ತದೆ. ಮಂಜುಗಡ್ಡೆ ಒತ್ತಾಗಿದ್ದರೆ ಅದೇ ಎಣ್ಣೆಯನ್ನು ಹರಡದಂತೆ ಹಿಡಿದಿಡುತ್ತದೆ. ಆದರೆ ಕಪ್ಪು ಹೊಗೆ ಯಾವ ಕಡೆ ಹೋಗುತ್ತದೆ? ಆ ನಿರ್ಧಾರದಲ್ಲಿ ಊರಿನ ಮಾತು ಇರಲೇಬೇಕು.

ಚಳಿಗಾಲದ ಸೋರಿಕೆ ಇನ್ನೊಂದು ಬಗೆ. ಮಂಜುಗಡ್ಡೆಯ ಅಡಿ ಸೇರಿದ ಎಣ್ಣೆಯ ಕೆಳಗೆ ಒಂದೆರಡು ದಿನದಲ್ಲೇ ಹೊಸ ಪದರ ಹೆಪ್ಪುಗಟ್ಟಬಹುದು. ಎಣ್ಣೆ ನಡುವೆ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿದಾಗ ಉಪ್ಪುನೀರಿನ ಸಣ್ಣ ಸಣ್ಣ ನಾಳಗಳಲ್ಲಿ ಮೇಲೇರಿ, ಕರಗಿದ ನೀರಿನ ಹೊಂಡಗಳಲ್ಲಿ ತೇಲುತ್ತದೆ. ಅಷ್ಟರಲ್ಲಿ ಆ ಗಡ್ಡೆ ಎಲ್ಲಿಗೆ ತೇಲಿಹೋಗಿರುತ್ತದೋ! ಅದಕ್ಕೇ ಸೋರಿದ ಜಾಗದ ಗಡ್ಡೆಗೆ ಜಿಪಿಎಸ್ ಬೀಕನ್ ಇಡುವುದನ್ನು ಕಲಿಸುತ್ತೇವೆ. ಯಾವ ಗಡ್ಡೆ ಮೇಲೆ ಕಾಲಿಡಬಹುದು ಅನ್ನುವುದನ್ನು ನಮಗೆ ಕಲಿಸುವವರು ಊರಿನವರು. ಕೋಲಿನಿಂದ ಕುಟ್ಟಿ ನೋಡದೆ ಒಂದು ಹೆಜ್ಜೆಯೂ ಇಲ್ಲ.

ಯಾವ ಹಳ್ಳಿಯಲ್ಲೂ ಕೊನೆಗೆ ಮಾತು ಬರುವುದು ಊಟಕ್ಕೆ. "ತಿನ್ನಬಹುದಾ ಅಂತ ಹೇಳೋರು ಯಾರು?" 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿದ ಮೇಲೆ, ಪ್ರಿನ್ಸ್ ವಿಲಿಯಂ ಸೌಂಡ್‌ನ ಮೂಲನಿವಾಸಿ ಹಳ್ಳಿಗಳಲ್ಲಿ ಜನ ಸಮುದ್ರದ ಆಹಾರವನ್ನೇ ನಂಬದಾದರು. ಬೇಟೆ, ಮೀನುಗಾರಿಕೆ ಕುಸಿಯಿತು. ಸೋರಿಕೆಗೆ ಮುಂಚಿನ ಮಾಂಸದ ಸ್ಯಾಂಪಲ್ ಕೈಯಲ್ಲಿದ್ದರೆ ಮಾತ್ರ ಹೋಲಿಸಿ ಹೇಳಬಹುದು. ನಾರ್ತ್ ಸ್ಲೋಪ್ ಬರೋದ ವನ್ಯಜೀವಿ ವಿಭಾಗ ಬೇಟೆಯಾದ ಬೋಹೆಡ್‌ಗಳನ್ನು ದಶಕಗಳಿಂದ ಪರೀಕ್ಷಿಸುತ್ತ ಬಂದಿದೆ. ಅದನ್ನು ಮಾದರಿಯಾಗಿಟ್ಟುಕೊಂಡು ಬೇರೆ ಊರುಗಳಲ್ಲಿ ಸೀಲ್, ಮೀನಿನ ಮಾಂಸದ ತುಣುಕನ್ನು ಹೇಗೆ ಕತ್ತರಿಸಬೇಕು, ಯಾವುದರಲ್ಲಿ ಸುತ್ತಬೇಕು, ದೋಣಿಯ ಇಂಧನ ತಾಗದಂತೆ ಹೇಗೆ ಇಡಬೇಕು ಅಂತ ತೋರಿಸಿಕೊಟ್ಟೆವು. ಈ ಪಾಠಕ್ಕೆ ಹೆಂಗಸರು ಜಾಸ್ತಿ ಬಂದರು. ಮಾಂಸ ಕೊಯ್ದು ಹಂಚುವುದರಲ್ಲಿ ಪಳಗಿದ ಕೈ ಅವರದು.

ಈಗ ನನ್ನನ್ನು ಕಾಡುತ್ತಿರುವುದು ಹಣ. ಅಪಾಯಕಾರಿ ವಸ್ತು ನಿರ್ವಹಣೆಯ ಪ್ರಮಾಣಪತ್ರ ಉಳಿಯಬೇಕಾದರೆ ಪ್ರತಿ ವರ್ಷ ಎಂಟು ಗಂಟೆಯ ಮರುತರಬೇತಿ ಬೇಕು. ತೈಲ ಕಂಪನಿಗಳು ಬಾವಿ ಕೊರೆಯಲು ಬಂದಾಗ ಈ ಖರ್ಚಿಗೆ ದಾರಿ ಇತ್ತು. ಸುಮ್ನೆ ಹಾದುಹೋಗುವ ಹಡಗುಗಳಿಂದ ಹಳ್ಳಿಗೆ ಹಾಗೆ ಏನೂ ಬರುವುದಿಲ್ಲ. ಆರ್ಕ್ಟಿಕ್ ದೇಶಗಳು 2013ರಲ್ಲಿ ಸ್ವೀಡನ್‌ನ ಕಿರುನಾದಲ್ಲಿ ಸಮುದ್ರದ ತೈಲ ಮಾಲಿನ್ಯಕ್ಕೆ ಒಟ್ಟಾಗಿ ಸ್ಪಂದಿಸುವ ಒಪ್ಪಂದಕ್ಕೆ ಸಹಿ ಹಾಕಿವೆ. ಒಳ್ಳೆಯದೇ. ಆದರೆ ಹಳ್ಳಿಯ ಕಂಟೇನರ್‌ನಲ್ಲಿರುವ ಬೂಮ್ ಬಿಚ್ಚಿ ನೋಡಲು, ತುಕ್ಕು ಹಿಡಿದ ಕೊಂಡಿ ಬದಲಿಸಲು, ದೋಣಿಯವರ ಪ್ರಮಾಣಪತ್ರ ನವೀಕರಿಸಲು ಪ್ರತಿ ವರ್ಷ ಗೊತ್ತಾದ ಮೊತ್ತ ಬೇಕು. ಬೇರಿಂಗ್ ಜಲಸಂಧಿ ದಾಟುವ ಹಡಗುಗಳಿಂದಲೇ ಅದಕ್ಕೊಂದು ನಿಧಿ ಎತ್ತಬೇಕು ಅಂತ ಹೋದ ಸಭೆಗಳಲ್ಲೆಲ್ಲ ಹೇಳುತ್ತಿದ್ದೇನೆ. ಮುಂದಿನ ಫೆಬ್ರವರಿಯ ತಾಲೀಮಿನಲ್ಲಿ ಹಳ್ಳಿಗಳ ಪ್ರತಿನಿಧಿಗಳೇ ಅದರ ಲೆಕ್ಕ ಇಡಲಿದ್ದಾರೆ.